ಎಣ್ಣೆ ಹಚ್ಚಿದ ತೊಗರಿ

ಹೋದ ಚಳಿಗಾಲದಲ್ಲಿ ಒಂದು ಮದುವೆಗೆಂದು ಆಳಂದಕ್ಕೆ ಹೋಗಿದ್ದೆ. ಊರ ಹೊರಗಿನ ದಾಲ್ ಮಿಲ್ಲುಗಳ ಹತ್ತಿರ ಬಸ್ಸು ನಿಧಾನವಾದಾಗ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಬೇಳೆ ಒಡೆಯುವ ಮುಂಚೆ ತೊಗರಿಯನ್ನು ಯಂತ್ರದ ಕಲ್ಲಿಗೆ ಒಮ್ಮೆ ಉಜ್ಜಿ, ಮೇಲೆ ಎಣ್ಣೆ ಸವರಿ, ಅಂಗಳದ ತುಂಬ ಬಿಸಿಲಿಗೆ ಹರಡುತ್ತಾರೆ. ಆ ಅಂಗಳ ಕಾದಾಗ ಏಳುವ ಜಿಡ್ಡು ವಾಸನೆ ಅದು. ಅಂಥ ಕೆಟ್ಟದ್ದೇನಲ್ಲ. ಪಕ್ಕದಲ್ಲಿ ಕುಳಿತಿದ್ದ ಹೆಣ್ಣುಮಗಳು ಮೊಮ್ಮಗನಿಗೆ ಬಾಳೆಹಣ್ಣು ಸುಲಿದುಕೊಡುತ್ತಲೇ ಇದ್ದಳು. ನನ್ನ ಕೈ ಮಾತ್ರ ಸೀಟಿನ ಕಬ್ಬಿಣವನ್ನು ಹಿಡಿದುಕೊಂಡಿತು. ಇಷ್ಟು ವರ್ಷಗಳಾದ ಮೇಲೂ ಹಿಡಿದುಕೊಂಡಿತಲ್ಲ ಎಂದು ನಾನೇ ನೋಡಿದೆ.

ಎಂಬತ್ತರ ದಶಕದ ನಡುವಿನ ಒಂದು ತೊಗರಿ ಸುಗ್ಗಿಯ ಮಾತು. ನಾನು ಆಗ ಪೇಂಟರ್. ಖಜೂರಿ ಕಡೆ ಮಹಾರಾಷ್ಟ್ರಕ್ಕೆ ಹೋಗುವ ರಸ್ತೆಯಲ್ಲಿ ನಿಂತ ಲಾರಿಗಳಿಗೆ ನಂಬರು ಬರೆಯುವುದು, ಹಿಂದಿನ ಹಲಗೆಯ ಮೇಲೆ ಮಾಲಕನ ಮಕ್ಕಳ ಹೆಸರು ಬರೆಯುವುದು, ಆಳಂದದ ಅಂಗಡಿಗಳ ಬೋರ್ಡು ಬರೆಯುವುದು ನನ್ನ ಕೆಲಸ. ಊರಿನಲ್ಲಿ ಯಾರ ಹೆಸರು ದೊಡ್ಡ ಅಕ್ಷರದಲ್ಲಿ ಕಂಡರೂ ಅದು ನನ್ನ ಕೈಯದು. ನನ್ನ ಹೆಸರು ಎಲ್ಲಿಯೂ ಇರಲಿಲ್ಲ. ಮೂಲೆಯಲ್ಲಿ ಸಣ್ಣದಾಗಿ ಸಹಿ ಹಾಕಿದರೂ "ಅದ್ಯಾಕೋ ಅಲ್ಲಿ, ಅಳಸು" ಅನ್ನುತ್ತಿದ್ದರು.

ಆ ವರ್ಷ ತೊಗರಿ ಚೆನ್ನಾಗಿ ಬಂದಿತ್ತು. ನಿಂಬರ್ಗಾ, ಜಿಡಗಾ, ಅಫಜಲಪುರ ಕಡೆಯಿಂದಲೂ ಬಂದ ಬಂಡಿಗಳು ಮಾರ್ಕೆಟ್ ಯಾರ್ಡಿನ ಗೇಟಿನ ಮುಂದೆ ಸಾಲು ನಿಂತವು. ತೂಕಕ್ಕೆ ಸರದಿ ಬರುವವರೆಗೆ ಒಂದೊಂದು ಬಂಡಿ ಎರಡು ದಿನ, ಮೂರು ದಿನ ಕಾಯಬೇಕು. ಎತ್ತು ಬಿಚ್ಚಿ ಕಟ್ಟಿ, ಮೂಟೆಗೆ ಬೆನ್ನು ಕೊಟ್ಟು ಕುಳಿತ ಅಷ್ಟು ಜನಕ್ಕೆ ಬೇರೆ ಕೆಲಸವೇ ಇಲ್ಲ. ಗೇಟಿನ ಎದುರು ಗುರಪ್ಪನ ಹೋಟೆಲು. ಈ ಜನರನ್ನು ತನ್ನ ಬೆಂಚಿಗೆ ಎಳೆಯುವುದು ಹೇಗೆಂದು ಯೋಚಿಸಿದ ಗುರಪ್ಪ, ಸಾಲಿಗೆ ಮುಖ ಮಾಡಿದ್ದ ಪಕ್ಕದ ಗೋಡೆಗೆ ಎರಡು ಕರಿಹಲಗೆ ಹೊಡೆಸಿದ. ಒಂದು ನನಗೆ, ಇನ್ನೊಂದು ಊರಿನಲ್ಲಿ ನನ್ನ ಹಾಗೆಯೇ ಬರೆಯುವ ಹುಚ್ಚಿದ್ದ ಚಂದ್ರಕಾಂತ ಎಂಬವನಿಗೆ. ದಿನಾ ಬೆಳಿಗ್ಗೆ ಏನಾದರೂ ಬರೆಯಬೇಕು, ಜನ ಓದುವಂಥದ್ದು. ಬರೆದವರಿಗೆ ಎರಡು ಹೊತ್ತು ಚಹಾ, ಒಂದು ಪ್ಲೇಟು ಮಂಡಕ್ಕಿ ಸುಸಲಾ.

ಯಾರ ಹಲಗೆ ಜನರನ್ನು ತರುತ್ತದೆ ಎಂದು ತಿಳಿಯಲು ಗುರಪ್ಪ ಒಂದು ಉಪಾಯ ಮಾಡಿದ್ದ. ಪ್ರತಿ ಹಲಗೆಯ ಕೆಳಗೆ ಸೀಳು ಮಾಡಿದ ಒಂದು ತಗಡಿನ ಡಬ್ಬಿ. ಚಹಾ ಕುಡಿದವನು ಗ್ಲಾಸು ಇಟ್ಟು ಹೋಗುವಾಗ ತನಗೆ ಹಿಡಿಸಿದ ಬರಹದ ಡಬ್ಬಿಗೆ ಒಂದು ತೊಗರಿ ಕಾಳು ಹಾಕಬೇಕು. ಸುಗ್ಗಿಯಲ್ಲಿ ಆಳಂದದ ಯಾವ ಅಂಗಿಯ ಜೇಬು ಝಾಡಿಸಿದರೂ ಹತ್ತು ಕಾಳು ಉದುರುತ್ತವೆ, ಅದಕ್ಕಾಗಿ ಯಾರೂ ಎದ್ದು ಹೋಗಬೇಕಿರಲಿಲ್ಲ. ಶಿವರಾತ್ರಿ ಅಮಾವಾಸ್ಯೆಗೆ ಡಬ್ಬಿ ಒಡೆಯುವುದು. ಯಾರದು ಹೆಚ್ಚು ತೂಗುತ್ತದೋ ಅವರು ಗುಲಬರ್ಗಾದ ದಿನಪತ್ರಿಕೆಯೊಂದಕ್ಕೆ ಆಳಂದದ ವರದಿಗಾರ. ಪತ್ರಿಕೆಯ ಏಜೆಂಟ ಗುರಪ್ಪನ ಷಡ್ಡಕ, ಅವನು ಬಂದು ಎಲ್ಲರ ಮುಂದೆ ಒಪ್ಪಿ ಹೋಗಿದ್ದ. ನನ್ನ ಮಾತು, ಅದರ ಕೆಳಗೆ ಅಚ್ಚಿನಲ್ಲಿ ನನ್ನ ಹೆಸರು. ಆ ಸುಗ್ಗಿಯಲ್ಲಿ ನನಗೆ ಬೇಕಾಗಿದ್ದದ್ದು ಅದೊಂದೇ.

ಮೊದಲ ವಾರ ನನ್ನ ಹಲಗೆಯ ಮುಂದೆ ಯಾರೂ ನಿಲ್ಲಲಿಲ್ಲ. ನಾನು ಶರಣರ ಮಾತು, ಹಿತವಚನ ಬರೆಯುತ್ತಿದ್ದೆ. ಚಂದ್ರಕಾಂತ ವಾರಪತ್ರಿಕೆಗಳಿಂದ ಎತ್ತಿದ ನಗೆಹನಿ, ಸಿನಿಮಾದವರ ಸುದ್ದಿ ಬರೆಯುತ್ತಿದ್ದ. ಜನ ನಗುತ್ತಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಅವು ನಗುವಂಥವೇ ಆಗಿದ್ದವು. ಒಂದು ದಿನ ಬರೆಯಲು ಏನೂ ಹೊಳೆಯದೆ, ನಾನು ಬಂಡಿ ಸಾಲಿನಲ್ಲಿ ಕಂಡದ್ದನ್ನೇ ಬರೆದೆ: ನಿಂಬರ್ಗಾದ ಒಂದು ಎತ್ತು ರಾತ್ರಿ ಹಗ್ಗ ಹರಿದುಕೊಂಡು ಹೋಗಿ ಪೊಲೀಸ್ ಠಾಣೆಯ ಅಂಗಳದಲ್ಲಿ ಮಲಗಿತ್ತು; ಬೆಳಿಗ್ಗೆ ಅದನ್ನು ಬಿಡಿಸಿಕೊಳ್ಳಲು ಹೋದ ಮಾಲಕನಿಗೆ ಜಾಮೀನು ಯಾರೆಂದು ಕೇಳಿದರು. ಅವತ್ತು ಆ ಎತ್ತಿನ ಮಾಲಕರೇ ಹಲಗೆಯ ಮುಂದೆ ಬಂದು ನಿಂತರು. ಹೆಸರು ಭೀಮಶಾ. ಅರವತ್ತು ದಾಟಿದವರು. ಅಕ್ಷರ ಬರುತ್ತಿರಲಿಲ್ಲ. ಯಾರೋ ಓದಿ ಹೇಳಿದರು, ಅವರು ಇನ್ನೊಮ್ಮೆ ಓದಿಸಿದರು.

"ನನ್ನ ಎತ್ತಿನ ಸುದ್ದಿ ಖರೇನೇ ಬರದಾನಲ್ಲೋ ಇಂವ," ಎಂದರು. "ಜಾಮೀನು ಯಾರ ಕೊಟ್ರು ಅಂತ ಬರದಿಲ್ಲ?"

"ಅದು ನಾಳಿಗಿ ಕಾಕಾ," ಎಂದೆ.

ಬಾಯಿಗೆ ಬಂದದ್ದು ಅಂದೆ, ಆದರೆ ಅಲ್ಲಿಂದ ನನ್ನ ದಾರಿ ಸಿಕ್ಕಿತು. ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದರೆ ನಾಳೆ ಅದೇ ಜನ ಬರುತ್ತಾರೆ. ಊರಿನ ಹೆಸರನ್ನು ಉಳಿದದ್ದಕ್ಕಿಂತ ದೊಡ್ಡದಾಗಿ ಬರೆದರೆ ಆ ಊರಿನವರು ದೂರದ ಬಂಡಿಯಿಂದ ಎದ್ದು ಬರುತ್ತಾರೆ. ಓದಿದವರು ಏನಾದರೂ ತಕರಾರು ತೆಗೆದರೆ ಮರುದಿನ ಹಲಗೆಯ ಮೂಲೆಯಲ್ಲಿ ಅದಕ್ಕೆ ಉತ್ತರ ಕೊಡಬೇಕು. ಗಟ್ಟಿಯಾಗಿ ಓದುವವನೊಬ್ಬ ಇದ್ದರೆ ಹತ್ತು ಜನ ಕೇಳುತ್ತಾರೆ. ಹೀಗೆ ನೋಡುತ್ತ ನೋಡುತ್ತ ಸಂಕ್ರಾಂತಿಯ ಹೊತ್ತಿಗೆ ನನ್ನ ಹಲಗೆಯ ಮುಂದೆ ಗುಂಪು ಕಟ್ಟಿ ನಿಂತರು. ಮಾಲು ಮಾರಿ ಊರಿಗೆ ಹೋದವರು ಮುಂದಿನ ಬಂಡಿಯವರಿಗೆ ಹೇಳಿ ಕಳಿಸುತ್ತಿದ್ದರು, ಗುರಪ್ಪನ ಗೋಡಿ ನೋಡಿ ಬರ್ರಿ ಎಂದು. ನನ್ನ ಡಬ್ಬಿಗೆ ಬಿದ್ದ ಕಾಳು ಸದ್ದು ಮಾಡುವುದನ್ನು ನಿಲ್ಲಿಸಿತ್ತು. ಕಾಳಿನ ಮೇಲೆ ಕಾಳು ಬಿದ್ದರೆ ಸದ್ದಾಗುವುದಿಲ್ಲ.

ಅಮಾವಾಸ್ಯೆ ಹತ್ತಿರ ಬಂದಾಗ ಮುಷ್ಟಿಯ ಬಗ್ಗೆ ಬರೆದೆ. ಯಾರ್ಡಿನಲ್ಲಿ ಖರೀದಿದಾರರು ಮಾಲು ನೋಡುವ ನೆಪದಲ್ಲಿ ಪ್ರತಿ ರಾಶಿಯಿಂದ ಒಂದು ಮುಷ್ಟಿ ಎತ್ತುತ್ತಿದ್ದರು. ನೋಡಿದ ಮೇಲೆ ಅದು ರಾಶಿಗೆ ವಾಪಸು ಬೀಳುತ್ತಿರಲಿಲ್ಲ, ಅವರ ಆಳಿನ ಚೀಲಕ್ಕೆ ಹೋಗುತ್ತಿತ್ತು. ಯಾರ ಹೆಸರನ್ನೂ ನಾನು ಹಾಕಲಿಲ್ಲ. ಮುಷ್ಟಿ ರಾಶಿಗಿಳಿದು, ಮೇಲೆದ್ದು, ಚೀಲಕ್ಕೆ ಹೋಗುವ ದಾರಿಯನ್ನಷ್ಟೇ ಬರೆದೆ. ಅವತ್ತಿನ ಗುಂಪು ನಗಲಿಲ್ಲ. ಭೀಮಶಾ ಕಾಕಾ ಡಬ್ಬಿಗೆ ಕಾಳು ಹಾಕಿ, ನನ್ನ ಭುಜ ಮುಟ್ಟಿ ಹೋದರು. ಅವರು ಆ ಸುಗ್ಗಿಯಲ್ಲಿ ಎರಡನೆಯ ಬಂಡಿ ತಂದಿದ್ದರು.

ಎಲ್ಲರಿಗಿಂತ ಹೆಚ್ಚು ಮುಷ್ಟಿ ಎತ್ತುತ್ತಿದ್ದವನು ಒಬ್ಬ ದಾಲ್ ಮಿಲ್ಲಿನ ಮಾಲಕ, ಚಂದ್ರಕಾಂತನ ಅಕ್ಕನ ಗಂಡ. ಆ ಮಧ್ಯಾಹ್ನ ಅವನು ಹೋಟೆಲಿಗೆ ಬಂದು, ಗೋಡೆಯ ಕಡೆ ನೋಡದೆ, ಒಂದು ಚಹಾ ಕುಡಿದು, ಗುರಪ್ಪನ ಜೊತೆ ಮೆಲ್ಲಗೆ ಮಾತಾಡಿ ಹೋದ. ಏನು ಮಾತಾಡಿದನೆಂದು ನಾನು ಕೇಳಿಲ್ಲ, ಹಾಗಾಗಿ ಬರೆಯುವುದಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಗೋಡೆಯ ಮುಂದೆ ಎರಡು ಪರಾತ, ಅಗಲ ತಟ್ಟೆ, ಇಟ್ಟರು. ಗುಲಬರ್ಗಾದ ಏಜೆಂಟ ಕುರ್ಚಿಯಲ್ಲಿ ಕುಳಿತಿದ್ದ. ಮಿಲ್ಲಿನ ಮಾಲಕ ಅವನ ಪಕ್ಕದಲ್ಲಿ. ಬಂಡಿಯವರು, ಹಮಾಲರು, ನಿಂತಲ್ಲೇ ನಿಂತರು. ನನ್ನ ಡಬ್ಬಿಯನ್ನು ಮೊದಲು ಸುರಿದರು. ಧೂಳು, ತೊಗರಿಯ ಸಿಪ್ಪೆಯ ಚೂರು, ಬೀಡಿಯ ಪುಡಿ, ಅಂಗಿಯ ದಾರ, ಅವುಗಳ ನಡುವೆ ಕೆಂಪು ಕಾಳು, ಬಿಳಿ ಕಾಳು, ಹುಳ ತಿಂದ ಕಾಳು. ಇಡೀ ಸುಗ್ಗಿಯ ಜೇಬುಗಳೇ ಪರಾತಿನಲ್ಲಿ ಬಿದ್ದಂತಿತ್ತು.

ಚಂದ್ರಕಾಂತನ ಡಬ್ಬಿಯನ್ನು ಸುರಿದಾಗ ಕಾಳು ಒಂದೇ ಸಮ ಜಾರಿಬಂದವು. ಒಂದೇ ಗಾತ್ರ, ಒಂದೇ ಬಣ್ಣ. ಹೊಳೆಯುತ್ತಿದ್ದವು. ಬಗ್ಗಿ ಒಂದನ್ನು ಎತ್ತಿಕೊಂಡೆ. ಸಿಪ್ಪೆಯ ಮೇಲೆ ಕಲ್ಲಿಗೆ ಉಜ್ಜಿದ ಗೀರು ಇತ್ತು. ಎರಡನೆಯದರ ಮೇಲೂ ಇತ್ತು. ಬೆರಳು ಜಿಡ್ಡಾಯಿತು. ವಾಸನೆ ನೋಡಬೇಕಾಗಿಯೇ ಇರಲಿಲ್ಲ, ತಾನಾಗಿಯೇ ಬಂತು. ಹೊಲದಿಂದ ಬಂದ ತೊಗರಿಗೆ ಯಾರೂ ಎಣ್ಣೆ ಹಚ್ಚುವುದಿಲ್ಲ. ಅವನು ಮಿಲ್ಲಿನ ಅಂಗಳದಲ್ಲಿ ಕಾಲಿಗೆ ಹತ್ತಿರ ಇದ್ದದ್ದನ್ನು ಬಾಚಿ ತಂದಿದ್ದ. ಪಕ್ಕದ ಚೀಲಕ್ಕೆ ಕೈ ಹಾಕಿದ್ದರೆ ಹೊಲದ ಮಾಲು ಸಿಗುತ್ತಿತ್ತು, ನನಗೂ ಗೊತ್ತಾಗುತ್ತಿರಲಿಲ್ಲ. ಅಷ್ಟು ಕಷ್ಟವನ್ನೂ ಅವನು ನನಗಾಗಿ ತೆಗೆದುಕೊಂಡಿರಲಿಲ್ಲ. ಮೋಸಕ್ಕಿಂತ ಅದು ನನ್ನನ್ನು ಹೆಚ್ಚು ಚುಚ್ಚಿತು.

"ಮಾಲಕ್ರ, ಇದಕ್ಕ ಎಣ್ಣಿ ಹಚ್ಚ್ಯಾರ," ಎಂದು ಗುರಪ್ಪನಿಗೆ ಅಂದೆ. "ಇದು ಮಿಲ್ಲಿನ ಮಾಲ್ ಅದ."

ಗುರಪ್ಪ ತಕ್ಕಡಿ ಸರಿ ಮಾಡುತ್ತಲೇ ಹೇಳಿದ: "ಕಾಳ ಅಂದ್ರ ಕಾಳ, ಪೇಂಟರ್. ಎಲ್ಲಿಂದ ಬಂತು ಅಂತ ಕೇಳಬೇಕಂತ ನಾವೇನ್ ಮದ್ಲ ಮಾತಾಡಿದ್ದಿಲ್ಲ."

ಚಂದ್ರಕಾಂತ ತಲೆಯ ಮೇಲೆ ಕೈಯಾಡಿಸಿಕೊಂಡ. "ಎಣ್ಣಿ ಹಚ್ಚಿದ ತಲಿ ಚಂದ ಕಾಣ್ತದಲ್ಲ ಪೇಂಟರ್? ಕಾಳೂ ಹಂಗೇ. ನಿಮ್ಮವಕ್ಕ ಜರ ಜಳಕಾ ಮಾಡಸ್ರಿ."

ಕೆಲವರು ನಕ್ಕರು. ನಾನು ಗುಂಪಿನ ಕಡೆ ತಿರುಗಿದೆ. ತೊಗರಿ ಬೆಳೆಯುವ ಮಂದಿ. ಆ ಕಾಳು ಏನೆಂದು ಅವರಿಗೆ ಹೇಳಿಕೊಡಬೇಕಿರಲಿಲ್ಲ, ಅವರ ಮುಖದಲ್ಲೇ ಕಾಣುತ್ತಿತ್ತು. ಭೀಮಶಾ ಕಾಕಾ ಮುಂದೆಯೇ ನಿಂತಿದ್ದರು.

"ಕಾಕಾ, ನೀವರ ಹೇಳ್ರಿ."

ಅವರು ಪರಾತನ್ನು ನೋಡಿದರು. ಕುರ್ಚಿಯಲ್ಲಿದ್ದ ಮಿಲ್ಲಿನ ಮಾಲಕನನ್ನು ನೋಡಿದರು. ಆಮೇಲೆ ರುಮಾಲಿನಿಂದ ಕುತ್ತಿಗೆ ಒರೆಸಿಕೊಂಡರು.

"ನಂದು ಮಾಲ್ ಇನ್ನಾ ತೂಕಕ್ಕ ಹೋಗಬೇಕಾಗ್ಯದ ತಮ್ಮಾ," ಎಂದರು.

ಅವರ ಹಿಂದೆ ಸಾಲಿನ ಕೊನೆಯವರೆಗೆ ಇನ್ನೂ ತೂಕವಾಗದ ಬಂಡಿಗಳು ನಿಂತಿದ್ದವು. ಯಾರೂ ಬಾಯಿ ತೆರೆಯಲಿಲ್ಲ. ನಾನು ಗೋಡೆಗೆ ಒರಗಿ ನಿಂತೆ. ತೂಕವಾಯಿತು. ಚಂದ್ರಕಾಂತನ ಕೊರಳಿಗೆ ಹಾರ ಬಿತ್ತು. ನಾನು ಎತ್ತಿಕೊಂಡ ಎರಡು ಕಾಳು ಮುಷ್ಟಿಯಲ್ಲೇ ಉಳಿದವು.

ಮೂರನೆಯ ದಿನಕ್ಕೋ ನಾಲ್ಕನೆಯ ದಿನಕ್ಕೋ ಗುರಪ್ಪ ಕರೆಸಿದ. ಹಲಗೆ, ಡಬ್ಬಿಗಳನ್ನು ಕಿತ್ತುಹಾಕಿದ್ದ. ಅದೇ ಗೋಡೆಯ ಮೇಲೆ ಚಂದ್ರಕಾಂತನ ಹೆಸರು, ಕೆಳಗೆ 'ಪತ್ರಿಕಾ ವರದಿಗಾರರು' ಎಂದು ಬರೆಯಬೇಕಂತೆ. ಊರಿನಲ್ಲಿ ಬೇರೆ ಪೇಂಟರ್ ಇರಲಿಲ್ಲ. ಹಿಂದಿನದು ಮನಸಿನಲ್ಲಿ ಇಟ್ಟುಕೊಳ್ಳಬೇಡ ಎಂದು ಅವನು ಹೇಳಿದ. ಇಟ್ಟುಕೊಳ್ಳುವುದಿಲ್ಲ ಎಂದು ನಾನು ಹೇಳಲಿಲ್ಲ. ಎಣ್ಣೆ ಬಣ್ಣದಲ್ಲಿ ಬರೆಯಲೇ ಎಂದು ಕೇಳಿದೆ.

"ಎಣ್ಣಿ ಬಣ್ಣ ಬ್ಯಾಡ, ಭಾಳ ತುಟ್ಟಿ. ಸುಣ್ಣ ಬಳದು ಮ್ಯಾಲ ಹುಡಿ ಬಣ್ಣದಾಗ ಬರದು ಮುಗಸು."

"ಹುಡಿ ಬಣ್ಣ ಮಳಿಗಿ ನಿಲ್ಲಂಗಿಲ್ರಿ ಮಾಲಕ್ರ. ಆಮ್ಯಾಲ ನನಗ ಅನಬ್ಯಾಡ್ರಿ."

"ಮಳಿಗಿ ಇನ್ನಾ ನಾಕ್ ತಿಂಗಳ ಅದಲ್ಲೋ."

ಆ ಮಾತನ್ನು ಅವನ ಬಾಯಿಂದಲೇ ಹೇಳಿಸಿದ ಮೇಲೆ ಕೆಲಸಕ್ಕೆ ಇಳಿದೆ. ಸುಗ್ಗಿಯಲ್ಲಿ ಯಾರ್ಡಿನ ಧೂಳು ಹಸಿ ಬಣ್ಣಕ್ಕೆ ಅಂಟುತ್ತದೆ, ಅದಕ್ಕೆ ಗೋಡೆಯ ಮುಂದೆ ಗೋಣಿತಟ್ಟು ಇಳಿಬಿಟ್ಟುಕೊಂಡೇ ಬರೆಯುವುದು ನಮ್ಮ ರೂಢಿ. ತಟ್ಟಿನ ಆಚೆ ಹಾಡುಹಗಲು, ಜನ ಚಹಾ ಕುಡಿಯುತ್ತಿದ್ದರು. ಈಚೆ ನಾನು ಲಾರಿಗೆಂದು ಇಟ್ಟುಕೊಂಡಿದ್ದ ಕೆಂಪು ಎಣ್ಣೆ ಬಣ್ಣದ ಡಬ್ಬಿ ತೆರೆದೆ. ಖರ್ಚು ನನ್ನದೇ. ಚಂದ್ರಕಾಂತನ ಡಬ್ಬಿ ಇದ್ದ ಜಾಗದಲ್ಲಿ, ಬೊಗಸೆಯಗಲದ ಅಕ್ಷರಗಳಲ್ಲಿ ಮೂರು ಸಾಲು ಬರೆದೆ.

ಈ ಡಬ್ಬಿಗೆ ಬಿದ್ದ ತೊಗರಿ ಮಿಲ್ಲಿನದು.

ಅದಕ್ಕೆ ಎಣ್ಣೆ ಹಚ್ಚಿತ್ತು.

ಎಲ್ಲರೂ ನೋಡಿದರು.

ಮೂರನೆಯ ಸಾಲಿಗೆ ಮುಂಚೆ ಕುಂಚ ಒರೆಸಿ, ಹೊಸದಾಗಿ ಬಣ್ಣ ಅದ್ದಿಕೊಂಡೆ. ತಟ್ಟನ್ನು ರಾತ್ರಿಯೂ ತೆಗೆಯದೆ, ಮರುದಿನ ಬಣ್ಣ ಒಣಗಿದ ಮೇಲೆ ಗೋಡೆಗೆಲ್ಲ ದಪ್ಪಗೆ ಸುಣ್ಣ ಬಳಿದೆ. ಎಣ್ಣೆ ಬಣ್ಣದ ಮೇಲೆ ಸುಣ್ಣ ಕೂರುತ್ತದೆ, ಹಿಡಿಯುವುದಿಲ್ಲ. ಅದರ ಮೇಲೆ ಹುಡಿ ಬಣ್ಣದಲ್ಲಿ ಚಂದ್ರಕಾಂತನ ಹೆಸರನ್ನು ಬರೆದೆ. ನನ್ನ ಕೈಯಿಂದ ಅಷ್ಟು ಚೆಂದದ ಅಕ್ಷರ ಅದಕ್ಕೂ ಮೊದಲು ಬಂದಿರಲಿಲ್ಲ. ಅವನೇ ಬಂದು ನೋಡಿ, "ಬರಿಯೂದು ನಿಮಗ ಛಲೋ ಬರ್ತದ ಪೇಂಟರ್, ಅದನ್ನೇ ಮಾಡ್ರಿ" ಎಂದ. ಮಾಡುತ್ತೇನೆ ಎಂದೆ.

ಮಾರ್ಚ್, ಏಪ್ರಿಲ್, ಮೇ. ಬಿಸಿಲು ಸುಟ್ಟಿತು. ಅವನ ಹೆಸರು ಪತ್ರಿಕೆಯಲ್ಲಿ ಬರತೊಡಗಿತು. ಯಾರ ಮನೆಯ ಮದುವೆಗೆ ಯಾವ ಗಣ್ಯರು ಬಂದಿದ್ದರು ಎಂಬ ಸುದ್ದಿಗಳು. ಅವನಿಗೊಂದು ಮೋಟಾರ್ ಸೈಕಲ್ ಬಂತು. ನಾನು ಖಜೂರಿಯಲ್ಲಿ ಲಾರಿಗಳಿಗೆ ನಂಬರು ಬರೆಯುತ್ತ ಆಕಾಶ ನೋಡುತ್ತಿದ್ದೆ. ಹೊಲ ಇದ್ದವರು ಮಳೆಗೆ ಕಾಯುತ್ತಾರೆ ಅನ್ನುತ್ತಾರೆ. ಆ ವರ್ಷ ನನ್ನಷ್ಟು ಯಾರೂ ಕಾದಿರಲಾರರು.

ಜೂನಿನಲ್ಲಿ ಮಿರಗದ, ಅಂದರೆ ಮೃಗಶಿರದ, ಮೊದಲ ಮಳೆ ಒಂದು ಮಧ್ಯಾಹ್ನ ಬಂತು. ಅದು ಸಂತೆಯ ದಿನ, ಬಿತ್ತನೆಗೆಂದು ಗೊಬ್ಬರ, ಬೀಜ ಒಯ್ಯಲು ಹಳ್ಳಿಯವರೆಲ್ಲ ಊರಿನಲ್ಲಿದ್ದರು. ನಾನೂ ಇದ್ದೆ. ಮೋಡ ಏರಿದ ಹಾಗೆ ಗುರಪ್ಪನ ಗೋಡೆಯ ಎದುರಿನ ಗೊಬ್ಬರದ ಅಂಗಡಿಯ ಕಟ್ಟೆಗೆ ಹೋಗಿ ನಿಂತೆ. ಗಾಳಿ ಪಡುವಣದಿಂದ ಬೀಸಿ, ನೀರು ನೇರ ಗೋಡೆಗೆ ಹೊಡೆಯಿತು. ಮೊದಲು ಚಂದ್ರಕಾಂತನ ಹೆಸರಿನ ಒತ್ತು, ದೀರ್ಘಗಳು ನೀಲಿಯಾಗಿ ಹರಿದವು. ಆಮೇಲೆ ಹೆಸರು. ಮಳೆ ಬಿಡಲಿಲ್ಲ. ಸುಣ್ಣ ಹೊಪ್ಪಳಿಕೆ ಎದ್ದು, ಹಾಲಿನ ಹಾಗೆ ಇಳಿಯತೊಡಗಿತು. ಅದರ ಅಡಿಯಿಂದ ಕೆಂಪಗೆ ಒಂದು ಅಕ್ಷರ ಕಂಡಿತು. ಇನ್ನೊಂದು ಕಂಡಿತು.

ಮಳೆಗೆಂದು ಅಂಗಡಿಯ ಕಟ್ಟೆಗಳ ಮೇಲೆ ನಿಂತ ಅಷ್ಟೂ ಜನಕ್ಕೆ ನೋಡಲು ಆ ಗೋಡೆಯ ಹೊರತು ಬೇರೇನೂ ಇರಲಿಲ್ಲ. ಬಗಲಲ್ಲಿ ಬೀಜದ ತೊಗರಿಯ ಗಂಟು ಹಿಡಿದುಕೊಂಡು ಭೀಮಶಾ ಕಾಕಾ ನಿಂತಿದ್ದರು. ನನ್ನನ್ನು ನೋಡಿರಲಿಲ್ಲ.

"ಏನ್ ಬರದದೋ ಅದು? ಯಾರರ ಓದಿ ಹೇಳ್ರೋ," ಎಂದರು.

ಓದಬಲ್ಲವರು ಬೇರೆ ಕಡೆ ನೋಡಿದರು. ನಾನು ಮುಂದೆ ಬಂದು ಓದಿದೆ. ಸುಗ್ಗಿಯುದ್ದಕ್ಕೂ ನನ್ನ ಬರಹವನ್ನು ನಾನೇ ಓದಿ ಹೇಳಿದವನಲ್ಲ, ಅವತ್ತು ಓದಿದೆ. ಮೂರನೆಯ ಸಾಲನ್ನು ಅವರ ಮುಖ ನೋಡಿಕೊಂಡು ಓದಿದೆ. ಅವರು ತಲೆ ತಗ್ಗಿಸಿದರು. ಆಮೇಲೆ ಗಂಟು ಬಿಚ್ಚಿ, ಒಂದು ಕಾಳು ತೆಗೆದು, ಗೋಡೆಯ ಕಡೆ ನೋಡಿದರು. ಡಬ್ಬಿ ಇರಲಿಲ್ಲ. ಅದನ್ನು ನನ್ನ ಅಂಗೈಯಲ್ಲಿ ಇಟ್ಟರು.

"ಬಿತ್ತಾಕ ಒಯ್ರಿ ಕಾಕಾ," ಎಂದು ಅವರ ಗಂಟಿಗೇ ವಾಪಸು ಹಾಕಿದೆ. "ನನ್ನ ತೂಕ ಮುಗದದ."

ಅವರು ಮಳೆಯಲ್ಲೇ ಇಳಿದು ಹೋದರು. ಕನಿಕರ ಬಂತೇ ಎಂದು ಆಮೇಲೆ ಕೆಲವರು ಕೇಳಿದ್ದಾರೆ. ಬರಲಿಲ್ಲ.

ಮಳೆ ನಿಂತ ಮೇಲೆ ಗುರಪ್ಪ ಸುಣ್ಣದ ಬಕೆಟ್ಟು ತಂದ. ಬಳಿದದ್ದು ಸಂಜೆಯ ಹನಿಗೆ ಮತ್ತೆ ಇಳಿಯಿತು. ನನಗೆ ಹೇಳಿ ಕಳಿಸಿದ. ನನ್ನ ಕೈಯಿಂದ ಅಳಿಸಲು ಆಗುವುದಿಲ್ಲ ಎಂದು ಹೇಳಿ ಕಳಿಸಿದೆ. ಮರುದಿನ ಬೆಳಿಗ್ಗೆ ಚಂದ್ರಕಾಂತ ತಾನೇ ಉಳಿ, ಸುತ್ತಿಗೆ ಹಿಡಿದು ಬಂದ. ಗೋಡೆಯ ಮೇಲಿನ ಗಾರೆಯ ಗಿಲಾಯಿಯನ್ನೇ ಇಡಿಯಾಗಿ ಕೆಡವಬಹುದಿತ್ತು, ಗುರಪ್ಪ ಬಿಡಲಿಲ್ಲ, ಗೋಡೆ ನಂದು ಎಂದ. ಹಾಗಾಗಿ ಅವನು ಕೆಂಪು ಅಕ್ಷರಗಳ ಗುಂಟ ಉಳಿ ಇಟ್ಟು ಹೊಡೆದ. ಜನ ಚಹಾದ ಗ್ಲಾಸು ಹಿಡಿದು ನೋಡಿದರು. ಯಾರೋ ಒಬ್ಬರು, "ಸಾವಕಾಶ ಸಾಹೇಬ್ರ, ಕೊಂಬು ತಪ್ಪೀತು," ಎಂದರು. ಮಧ್ಯಾಹ್ನದ ಹೊತ್ತಿಗೆ ಮೊದಲ ಎರಡು ಸಾಲಿನಲ್ಲಿ ಕೆಂಪು ಇರಲಿಲ್ಲ. ಬಣ್ಣವಿದ್ದ ಕಡೆ ಎರಡು ಬೆರಳು ಆಳದ ಅಕ್ಷರಗಳಿದ್ದವು. ಮೊದಲು ಗೇಟಿನಿಂದ ಓದಬಹುದಾಗಿತ್ತು, ಈಗ ಕತ್ತಲಲ್ಲಿ ಕೈಯಾಡಿಸಿಯೂ ಓದಬಹುದಾಗಿತ್ತು. ಸುಗ್ಗಿಯುದ್ದಕ್ಕೂ ಬರೆದದ್ದಕ್ಕೆ ನನಗೆ ಸಿಕ್ಕ ಸಂಭಾವನೆ ಅದು. ಅವನ ಕೈಯಿಂದಲೇ ಸಿಕ್ಕಿತು.

ಮೂರನೆಯ ಸಾಲನ್ನು ಅವನು ಮುಟ್ಟಲಿಲ್ಲ. ಅದರಲ್ಲಿ ತನ್ನ ಸುದ್ದಿ ಇಲ್ಲ ಅಂದುಕೊಂಡಿರಬೇಕು.

ವರದಿಗಾರಿಕೆ ಅವನ ಬಳಿಯೇ ಉಳಿಯಿತು. ಪತ್ರಿಕೆಯವರು ಗೋಡೆ ಓದುವವರಲ್ಲ. ಆದರೆ ಆ ಮಳೆಗಾಲದಲ್ಲಿ ನಾನು ಊರು ಬಿಟ್ಟು, ಜೇವರ್ಗಿಯಲ್ಲಿ ಒಂದು ಬಟ್ಟೆ ಅಂಗಡಿಯ ಬೋರ್ಡು ಬರೆಯುತ್ತಿದ್ದಾಗ, ಕೆಳಗೆ ನಿಂತ ಇಬ್ಬರು ಆಳಂದದ ಸುದ್ದಿ ಮಾತಾಡುತ್ತಿದ್ದರು. ಅವರಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಚಂದ್ರಕಾಂತ ಎಂಬ ಹೆಸರು ಅವರ ಬಾಯಿಗೆ ಬರಲೇ ಇಲ್ಲ. "ಆ ಎಣ್ಣಿತೊಗರಿ ಇದಾನಲ್ಲ" ಎಂದು ಒಬ್ಬ ಶುರು ಮಾಡಿದ, ಇನ್ನೊಬ್ಬನಿಗೆ ತಕ್ಷಣ ತಿಳಿಯಿತು. ಏಣಿಯ ಮೇಲೆ ನಾನು ಕುಂಚ ನಿಲ್ಲಿಸಿ, ಅವರು ಹೋಗುವವರೆಗೂ ಕೇಳಿದೆ.

ಹೋದ ಚಳಿಗಾಲ, ಮದುವೆಯ ಊಟ ಮುಗಿಸಿ, ಯಾರ್ಡಿನ ಕಡೆ ನಡೆದೆ. ಗುರಪ್ಪನ ಹೋಟೆಲು ಇರಲಿಲ್ಲ, ಅಲ್ಲಿ ಈಗ ಒಬ್ಬ ಹೆಣ್ಣುಮಗಳು ಎತ್ತಿನ ಹಗ್ಗ, ಬಾರುಕೋಲು ಮಾರುತ್ತಾಳೆ. ಗೋಡೆ ಅದೇ. ಮೊದಲ ಎರಡು ಸಾಲಿಗೆ ಯಾರೋ ಸಿಮೆಂಟು ತುಂಬಿದ್ದರು, ಬಿಳಿ ಗೋಡೆಯ ಮೇಲೆ ಬೂದು ಬಣ್ಣದ ಅಕ್ಷರಗಳಾಗಿ ಅವು ನಿಂತಿದ್ದವು. ಕೊಂಬು, ದೀರ್ಘ ಮುಚ್ಚಿಹೋಗಿ, ತಿಳಿದವನಷ್ಟೇ ಓದಬೇಕು. ಕೆಳಗಿನ ಸಾಲು ಮಾತ್ರ ಕೆಂಪಗೆ, ಮಾಸಿದರೂ ಪೂರ್ತಿ ಇತ್ತು.

ನಾನು ನಿಂತದ್ದನ್ನು ನೋಡಿ ಅವಳು ಹಗ್ಗ ಹೊಸೆಯುವುದನ್ನು ಬಿಟ್ಟಳು. "ಎಷ್ಟ್ ಸಲ ಸುಣ್ಣ ಬಳಸೇನ್ರಿ ಅಣ್ಣಾ, ಮಳಿ ಬಂತಂದ್ರ ಮತ್ತ ಮ್ಯಾಲ ಬರ್ತದ," ಎಂದಳು. "ಎಲ್ಲಾರೂ ನೋಡಿದರು ಅಂತ ಬರದದ. ಏನ್ ನೋಡಿದ್ರು ಅಂಬೂದು ಯಾರಿಗಿ ಕೇಳಿದ್ರೂ ಹೇಳಂಗಿಲ್ಲ."

ಬಸ್ಸಿಗೆ ಇನ್ನೂ ಹೊತ್ತಿತ್ತು. ಅವಳ ಕಟ್ಟೆಯ ಮೇಲೆ ಕುಳಿತು, ಚಂದ್ರಕಾಂತನ ಹೆಸರಿನಿಂದ ಶುರು ಮಾಡಿ, ಒಂದನ್ನೂ ಬಿಡದೆ ಹೇಳಿದೆ.